ಕ್ಷಯರೋಗ: ಸಾರ್ವಜನಿಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಮತ್ತು ಇಂದಿನ ಸ್ಥಿತಿಗತಿ

ಪೀಠಿಕೆ

ಕ್ಷಯರೋಗವು ಗುಣಪಡಿಸಬಹುದಾದ ರೋಗವಾಗಿದ್ದು, ಇದರ ಪತ್ತೆ ಮತ್ತು ಚಿಕಿತ್ಸೆಯ ಸೌಲಭ್ಯಗಳು ಸರ್ಕಾರಿ ಆರೋಗ್ಯ ಸಂಸ್ಥೆಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಆದಾಗ್ಯೂ ಭಾರತದಲ್ಲಿ 2024ನೇ ಸಾಲಿನಲ್ಲಿ ಸುಮಾರು 27 ಲಕ್ಷ ಜನರು ಈ ರೋಗಕ್ಕೆ ತುತ್ತಾಗಿರುವುದಾಗಿ ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿರುತ್ತದೆ. ಅದೇ ವರ್ಷ ಸುಮಾರು 3 ಲಕ್ಷ ಜನರು ಇದರಿಂದ ಮೃತಪಟ್ಟಿರುತ್ತಾರೆ. ಔಷಧಿ ಇದ್ದೂ, ಅದು ಉಚಿತವಾಗಿದ್ದೂ ಇಷ್ಟು ಸಾವುಗಳು ಏಕೆ ಸಂಭವಿಸುತ್ತಿವೆ ಎಂಬುದು ಸಹಜವಾಗಿ ಏಳುವ ಪ್ರಶ್ನೆ. ರೋಗದ ಸ್ವರೂಪ, ಪತ್ತೆ, ಚಿಕಿತ್ಸೆ, ನೆರವು ಹಾಗೂ ಸಾಮಾಜಿಕ ಪರಿಣಾಮಗಳನ್ನು ಕುರಿತು ಸಾರ್ವಜನಿಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳ ಮೂಲಕ ಈ ವಿಷಯವನ್ನು ಇಲ್ಲಿ ವಿಶ್ಲೇಷಿಸಲಾಗಿದೆ.

1. ಕ್ಷಯರೋಗ ಎಂದರೇನು? ಅದು ಹೇಗೆ ಹರಡುತ್ತದೆ?

ಕ್ಷಯರೋಗವು 'ಮೈಕೋಬ್ಯಾಕ್ಟೀರಿಯಂ ಟ್ಯುಬರ್ಕ್ಯುಲೋಸಿಸ್' ಎಂಬ ಸೂಕ್ಷ್ಮಾಣುವಿನಿಂದ ಬರುವ ಸಾಂಕ್ರಾಮಿಕ ರೋಗ. ಜರ್ಮನಿಯ ವೈದ್ಯ ವಿಜ್ಞಾನಿ ರಾಬರ್ಟ್ ಕಾಕ್ ಅವರು ಈ ಸೂಕ್ಷ್ಮಾಣುವಿನ ಪತ್ತೆಯನ್ನು 1882ರ ಮಾರ್ಚ್ 24ರಂದು ಬರ್ಲಿನ್ ನಗರದಲ್ಲಿ ಪ್ರಕಟಿಸಿದರು. ಈ ಕಾರಣದಿಂದ ಪ್ರತಿ ವರ್ಷ ಮಾರ್ಚ್ 24ನ್ನು ವಿಶ್ವ ಕ್ಷಯರೋಗ ದಿನವನ್ನಾಗಿ ಆಚರಿಸಲಾಗುತ್ತಿದೆ.

ಶ್ವಾಸಕೋಶದ ಕ್ಷಯವಿರುವ ವ್ಯಕ್ತಿಯು ಕೆಮ್ಮಿದಾಗ, ಸೀನಿದಾಗ ಅಥವಾ ಮಾತನಾಡಿದಾಗ ರೋಗಾಣುಗಳು ಗಾಳಿಯಲ್ಲಿ ಸೇರುತ್ತವೆ. ಆ ಗಾಳಿಯನ್ನು ಉಸಿರಾಡಿದವರಿಗೆ ಸೋಂಕು ತಗಲುವ ಸಂಭವವಿರುತ್ತದೆ. ಗಾಳಿ ಬೆಳಕು ಇಲ್ಲದ ಇಕ್ಕಟ್ಟಾದ ಕೊಠಡಿಗಳಲ್ಲಿ ದೀರ್ಘಕಾಲ ಜೊತೆಗಿರುವವರಿಗೆ ಅಪಾಯ ಹೆಚ್ಚು. ರೋಗಿಯು ಬಳಸಿದ ತಟ್ಟೆ, ಲೋಟ, ಬಟ್ಟೆ, ಹಾಸಿಗೆಗಳಿಂದಾಗಲಿ, ಕೈ ಕುಲುಕುವುದರಿಂದಾಗಲಿ ಈ ರೋಗವು ಹರಡುವುದಿಲ್ಲ. ಇದು ತಂದೆ ತಾಯಿಯಿಂದ ಮಕ್ಕಳಿಗೆ ಅನುವಂಶಿಕವಾಗಿ ಬರುವ ರೋಗವೂ ಆಗಿರುವುದಿಲ್ಲ.

ಕೂದಲು ಮತ್ತು ಉಗುರುಗಳನ್ನು ಹೊರತುಪಡಿಸಿ ದೇಹದ ಯಾವುದೇ ಭಾಗಕ್ಕೆ ಕ್ಷಯ ಬರಬಹುದು. ಕುತ್ತಿಗೆಯ ಗಂಟು, ಬೆನ್ನುಮೂಳೆ, ಮೆದುಳಿನ ಪೊರೆ, ಕರುಳು, ಗರ್ಭಕೋಶ ಮುಂತಾದ ಅಂಗಗಳ ಕ್ಷಯವು ಸಾಮಾನ್ಯವಾಗಿ ಒಬ್ಬರಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಆದರೆ ಇವುಗಳನ್ನು ಪತ್ತೆ ಮಾಡುವುದು ಹೆಚ್ಚು ಕಷ್ಟ.

2. ಸೋಂಕು ತಗಲಿದ ಎಲ್ಲರೂ ರೋಗಿಗಳಾಗುವರೇ?

ಇಲ್ಲ. ರೋಗಾಣು ದೇಹವನ್ನು ಸೇರಿದ ಬಹುಪಾಲು ಜನರಲ್ಲಿ ಅದು ಸುಪ್ತ ಸ್ಥಿತಿಯಲ್ಲಿಯೇ ಇರುತ್ತದೆ. ಇಂತಹವರಲ್ಲಿ ನೂರಕ್ಕೆ ಸುಮಾರು 5ರಿಂದ 10 ಜನರು ಮಾತ್ರ ತಮ್ಮ ಜೀವಿತಾವಧಿಯಲ್ಲಿ ರೋಗಕ್ಕೆ ತುತ್ತಾಗುತ್ತಾರೆ. ದೇಹದ ರೋಗನಿರೋಧಕ ಶಕ್ತಿಯು ಕುಂದಿದಾಗ ಈ ಅಪಾಯವು ಹೆಚ್ಚುತ್ತದೆ. ಅಪೌಷ್ಟಿಕತೆ, ಮಧುಮೇಹ, ಎಚ್.ಐ.ವಿ. ಸೋಂಕು, ಧೂಮಪಾನ ಮತ್ತು ಮದ್ಯಪಾನಗಳು ಇದಕ್ಕೆ ಪ್ರಮುಖ ಕಾರಣಗಳು. ಕಲ್ಲುಗಣಿ, ಕಲ್ಲು ಪುಡಿ ಮಾಡುವ ಘಟಕಗಳು ಮುಂತಾದೆಡೆ ಸಿಲಿಕಾ ಧೂಳಿನಲ್ಲಿ ದುಡಿಯುವವರಿಗೂ ಅಪಾಯ ಅಧಿಕ. ಭಾರತದಲ್ಲಿ ಈ ಕಾರಣಗಳ ಪೈಕಿ ಅಪೌಷ್ಟಿಕತೆಗೆ ಮುಖ್ಯ ಸ್ಥಾನವಿರುತ್ತದೆ.

ಬಡವರಲ್ಲಿ ಈ ರೋಗವು ಹೆಚ್ಚಾಗಿ ಕಂಡುಬಂದರೂ ಇದು ಕೇವಲ ಬಡವರ ರೋಗವೆಂದು ಭಾವಿಸುವುದು ಸರಿಯಲ್ಲ. ಪ್ರಾಚೀನ ವೈದ್ಯ ಗ್ರಂಥಗಳಲ್ಲಿ ಇದಕ್ಕೆ 'ರಾಜಯಕ್ಷ್ಮ' ಎಂಬ ಹೆಸರಿರುವುದು ಗಮನಾರ್ಹ. ಮೈಸೂರಿನ ಕ್ಷಯರೋಗ ಆಸ್ಪತ್ರೆಯು ಇದೇ ರೋಗದಿಂದ ನಿಧನರಾದ ರಾಜಮನೆತನದ ಕೃಷ್ಣಾಜಮ್ಮಣ್ಣಿ ಅವರ ಹೆಸರನ್ನು ಹೊಂದಿರುತ್ತದೆ. ಪರಿಣಾಮಕಾರಿ ಔಷಧಿಗಳು ಇನ್ನೂ ಲಭ್ಯವಿಲ್ಲದಿದ್ದ ಆ ಕಾಲದಲ್ಲಿ ಅರಮನೆಯ ವೈದ್ಯೋಪಚಾರವೂ ರೋಗಿಯನ್ನು ಉಳಿಸಲು ಸಾಧ್ಯವಾಗುತ್ತಿರಲಿಲ್ಲ. ಅಂದು ಯಾರಿಗೂ ದೊರೆಯದಿದ್ದ ಔಷಧಿಯು ಇಂದು ಗ್ರಾಮದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಲಭ್ಯವಿರುತ್ತದೆ.

3. 2025ರೊಳಗೆ ಕ್ಷಯರೋಗವನ್ನು ನಿರ್ಮೂಲನೆ ಮಾಡುವ ಗುರಿ ಏನಾಯಿತು?

ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು 1959ರಲ್ಲಿ ಸ್ಥಾಪನೆಗೊಂಡಿತು. ಈ ಸಂಸ್ಥೆಯ ಸಂಶೋಧನೆಗಳ ಆಧಾರದ ಮೇಲೆ 1962ರಲ್ಲಿ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮವನ್ನು ಜಾರಿಗೊಳಿಸಲಾಯಿತು. 1997ರಲ್ಲಿ ಪರಿಷ್ಕೃತ ರಾಷ್ಟ್ರೀಯ ಕ್ಷಯರೋಗ ನಿಯಂತ್ರಣ ಕಾರ್ಯಕ್ರಮವು ಆರಂಭಗೊಂಡು 2006ರ ವೇಳೆಗೆ ಇಡೀ ದೇಶವನ್ನು ವ್ಯಾಪಿಸಿತು. 2020ರಲ್ಲಿ ಇದನ್ನು ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮ ಎಂದು ಮರುನಾಮಕರಣ ಮಾಡಲಾಯಿತು.

ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಕ್ಷಯರೋಗ ಮುಕ್ತಿಗೆ 2030ರ ಗಡುವು ಇರುತ್ತದೆ. ಭಾರತವು ಇದಕ್ಕಿಂತ ಐದು ವರ್ಷ ಮೊದಲೇ, ಅಂದರೆ 2025ರೊಳಗೆ, ಗುರಿ ಮುಟ್ಟುವುದಾಗಿ 2018ರ ಮಾರ್ಚ್‌ನಲ್ಲಿ ಘೋಷಿಸಿತು. ಇಲ್ಲಿ 'ನಿರ್ಮೂಲನೆ' ಎಂದರೆ ಒಂದು ಪ್ರಕರಣವೂ ಇಲ್ಲದಿರುವುದು ಎಂದು ಅರ್ಥವಲ್ಲ. 2015ನೇ ಸಾಲಿಗೆ ಹೋಲಿಸಿದಾಗ ಹೊಸ ಪ್ರಕರಣಗಳ ಪ್ರಮಾಣವನ್ನು ಶೇಕಡಾ 80ರಷ್ಟು ಮತ್ತು ಸಾವುಗಳನ್ನು ಶೇಕಡಾ 90ರಷ್ಟು ಇಳಿಸುವುದೇ ಈ ಗುರಿಯಾಗಿತ್ತು.

ವಿಶ್ವ ಆರೋಗ್ಯ ಸಂಸ್ಥೆಯ 2025ನೇ ಸಾಲಿನ ಜಾಗತಿಕ ವರದಿಯ ಪ್ರಕಾರ, ಭಾರತದಲ್ಲಿ 2015ರಲ್ಲಿ ಪ್ರತಿ ಲಕ್ಷ ಜನಸಂಖ್ಯೆಗೆ 237ರಷ್ಟಿದ್ದ ಹೊಸ ಪ್ರಕರಣಗಳು 2024ರಲ್ಲಿ 187ಕ್ಕೆ ಇಳಿದಿರುತ್ತವೆ. ಇದು ಶೇಕಡಾ 21ರಷ್ಟು ಇಳಿಕೆ. ಸಾವುಗಳು ಪ್ರತಿ ಲಕ್ಷಕ್ಕೆ 28ರಿಂದ 21ಕ್ಕೆ ಇಳಿದಿವೆ. ಇದೇ ಅವಧಿಯಲ್ಲಿ ಜಗತ್ತಿನ ಸರಾಸರಿ ಇಳಿಕೆಗಿಂತ ಭಾರತದ ಇಳಿಕೆ ವೇಗವಾಗಿದೆ ಎಂಬುದು ಸಮಾಧಾನದ ಸಂಗತಿ. ಆದರೆ ನಿಗದಿಪಡಿಸಿದ ಗುರಿಗೂ ಸಾಧನೆಗೂ ನಡುವೆ ದೊಡ್ಡ ಅಂತರವಿರುವುದು ಅಂಕಿಅಂಶಗಳಿಂದಲೇ ಸ್ಪಷ್ಟವಾಗುತ್ತದೆ. ಈ ಅಂತರ ಎಲ್ಲಿ ಉಳಿದಿದೆ ಎಂಬುದನ್ನು ಮುಂದಿನ ಪ್ರಶ್ನೆಗಳಲ್ಲಿ ಪರಿಶೀಲಿಸಬಹುದು.

4. ರೋಗವು ತಡವಾಗಿ ಪತ್ತೆಯಾಗಲು ಕಾರಣವೇನು?

ಈ ಪ್ರಶ್ನೆಗೆ ಕರ್ನಾಟಕದಲ್ಲಿಯೇ ಅರವತ್ತು ವರ್ಷಗಳಿಗೂ ಹಿಂದೆ ಉತ್ತರವೊಂದು ದೊರೆತಿತ್ತು. ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ತುಮಕೂರು ಜಿಲ್ಲೆಯ ಗ್ರಾಮಗಳಲ್ಲಿ ನಡೆಸಿದ ಅಧ್ಯಯನವು 1963ರಲ್ಲಿ ಪ್ರಕಟವಾಯಿತು. ಹಳ್ಳಿಯ ಜನರಿಗೆ ರೋಗದ ಅರಿವಿಲ್ಲ, ಆದ್ದರಿಂದ ಅವರು ಆಸ್ಪತ್ರೆಗೆ ಬರುವುದಿಲ್ಲ ಎಂಬ ನಂಬಿಕೆ ಆಗ ಪ್ರಚಲಿತವಿತ್ತು. ಅಧ್ಯಯನದಲ್ಲಿ ಕಂಡುಬಂದ ವಾಸ್ತವವೇ ಬೇರೆ. ಶ್ವಾಸಕೋಶದ ಕ್ಷಯವಿದ್ದವರಲ್ಲಿ ಬಹುಪಾಲು ಜನರಿಗೆ ತಮ್ಮ ಲಕ್ಷಣಗಳ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಜನರು ಅದಾಗಲೇ ಆಸ್ಪತ್ರೆ, ಔಷಧಾಲಯಗಳಿಗೆ ಹೋಗಿಬಂದಿದ್ದರು. ಅಲ್ಲಿ ಅವರಿಗೆ ಕಫ ಪರೀಕ್ಷೆಯ ಬದಲು ಕೆಮ್ಮಿನ ಔಷಧಿಯನ್ನು ಕೊಟ್ಟು ಕಳುಹಿಸಲಾಗಿತ್ತು. ಲೋಪವಿದ್ದುದು ಸೇವೆಯಲ್ಲಿ ಎಂಬುದನ್ನು ಈ ಅಧ್ಯಯನವು ತೋರಿಸಿಕೊಟ್ಟಿತು. ಲಕ್ಷಣವಿರುವವರು ಆಸ್ಪತ್ರೆಗೆ ಬಂದಾಗಲೇ ಕಫ ಪರೀಕ್ಷೆ ಮಾಡಬೇಕು ಎಂಬ ರಾಷ್ಟ್ರೀಯ ಕಾರ್ಯಕ್ರಮದ ಕ್ರಮಕ್ಕೆ ಇಂತಹ ಅಧ್ಯಯನಗಳೇ ತಳಹದಿಯಾದವು.

2019ರಿಂದ 2021ರ ಅವಧಿಯಲ್ಲಿ ನಡೆದ ರಾಷ್ಟ್ರೀಯ ಕ್ಷಯರೋಗ ಸಮೀಕ್ಷೆಯಲ್ಲಿ ಸಮಸ್ಯೆಯ ಇನ್ನೊಂದು ಮುಖ ಕಂಡುಬಂದಿದೆ. ಕ್ಷಯದ ಲಕ್ಷಣಗಳಿದ್ದವರ ಪೈಕಿ ಶೇಕಡಾ 63.6ರಷ್ಟು ಜನರು ಯಾವ ವೈದ್ಯಕೀಯ ನೆರವನ್ನೂ ಪಡೆದಿರಲಿಲ್ಲ. ಲಕ್ಷಣಗಳನ್ನು ನಿರ್ಲಕ್ಷಿಸಿದ್ದೇ ಅವರು ನೀಡಿದ ಪ್ರಮುಖ ಕಾರಣ. ಅಲ್ಲದೆ ಪತ್ತೆಯಾದ ರೋಗಿಗಳಲ್ಲಿ ಶೇಕಡಾ 42.6ರಷ್ಟು ಜನರು ಎದೆಯ ಕ್ಷ-ಕಿರಣ ಪರೀಕ್ಷೆ ಇಲ್ಲದಿದ್ದರೆ ತಪ್ಪಿಹೋಗುತ್ತಿದ್ದರು.

ದಿನಗೂಲಿ ಕೆಲಸಗಾರರು ಪರೀಕ್ಷೆಗಾಗಿ ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿಯನ್ನು ಕಳೆದುಕೊಳ್ಳುತ್ತಾರೆ. ಕೆಮ್ಮನ್ನು ಬೀಡಿಯ ಕೆಮ್ಮು, ಧೂಳಿನ ಕೆಮ್ಮು ಎಂದು ತಳ್ಳಿಹಾಕುವುದು, ಔಷಧಿ ಅಂಗಡಿಯಲ್ಲಿ ಸಿರಪ್ ಪಡೆದು ದಿನ ದೂಡುವುದು ಇಂದಿಗೂ ಸಾಮಾನ್ಯ. ಹೀಗೆ ಕಳೆಯುವ ಪ್ರತಿ ವಾರವೂ ರೋಗಿಯ ಶ್ವಾಸಕೋಶಕ್ಕೆ ಹಾನಿಯನ್ನುಂಟುಮಾಡುವುದಲ್ಲದೆ ಮನೆಯ ಇತರರಿಗೂ ಸೋಂಕನ್ನು ಹರಡುತ್ತದೆ.

5. ಯಾವಾಗ ಪರೀಕ್ಷೆ ಮಾಡಿಸಿಕೊಳ್ಳಬೇಕು? ಯಾವ ಪರೀಕ್ಷೆಗಳು ಲಭ್ಯ?

ಈ ಕೆಳಕಂಡ ಯಾವುದೇ ಲಕ್ಷಣವಿದ್ದಲ್ಲಿ ಪರೀಕ್ಷೆ ಮಾಡಿಸಿಕೊಳ್ಳುವುದು ಅಗತ್ಯ:

(ಅ) ಎರಡು ವಾರಗಳಿಗೂ ಹೆಚ್ಚು ಕಾಲ ಕೆಮ್ಮು
(ಆ) ಸಂಜೆಯ ವೇಳೆ ಜ್ವರ, ರಾತ್ರಿ ಬೆವರುವುದು
(ಇ) ಹಸಿವಾಗದಿರುವುದು, ಕಾರಣವಿಲ್ಲದೆ ತೂಕ ಕಡಿಮೆಯಾಗುವುದು
(ಈ) ಕಫದಲ್ಲಿ ರಕ್ತ, ಎದೆ ನೋವು
(ಉ) ಕುತ್ತಿಗೆ ಅಥವಾ ಕಂಕುಳಿನಲ್ಲಿ ಕರಗದ ಗಂಟು

ಮಕ್ಕಳಲ್ಲಿ ತೂಕ ಏರದಿರುವುದು, ಆಟಪಾಠಗಳಲ್ಲಿ ಆಸಕ್ತಿ ಕುಂದುವುದು ಸಹ ಲಕ್ಷಣವಾಗಿರಬಹುದು.

ಕಫದ ಸೂಕ್ಷ್ಮದರ್ಶಕ ಪರೀಕ್ಷೆಯ ಜೊತೆಗೆ ಸಿಬಿನ್ಯಾಟ್ ಮತ್ತು ಟ್ರೂನ್ಯಾಟ್ ಎಂಬ ಅಣುಜೈವಿಕ ಪರೀಕ್ಷೆಗಳು ಇಂದು ಲಭ್ಯವಿರುತ್ತವೆ. ಇವು ಕೆಲವೇ ಗಂಟೆಗಳಲ್ಲಿ ರೋಗಾಣುವನ್ನು ಪತ್ತೆ ಮಾಡುವುದಲ್ಲದೆ, ಪ್ರಮುಖ ಔಷಧಿಯಾದ ರಿಫಾಂಪಿಸಿನ್‌ಗೆ ರೋಗಾಣು ಬಗ್ಗುವುದೋ ಇಲ್ಲವೋ ಎಂಬುದನ್ನೂ ತಿಳಿಸುತ್ತವೆ. ಟ್ರೂನ್ಯಾಟ್ ಭಾರತದಲ್ಲಿಯೇ ಅಭಿವೃದ್ಧಿಪಡಿಸಿದ ತಂತ್ರಜ್ಞಾನವಾಗಿದ್ದು, ವಿದ್ಯುತ್ ಸೌಲಭ್ಯ ಕಡಿಮೆ ಇರುವ ಕೇಂದ್ರಗಳಲ್ಲಿಯೂ ಬ್ಯಾಟರಿಯ ನೆರವಿನಿಂದ ಕಾರ್ಯನಿರ್ವಹಿಸಬಲ್ಲದು. ಪರೀಕ್ಷೆಗೆ ಕೊಡುವ ಮಾದರಿಯು ಎಂಜಲಾಗಿರದೆ ಆಳವಾಗಿ ಕೆಮ್ಮಿ ತೆಗೆದ ಕಫವಾಗಿರಬೇಕು. ಒಂದು ಪರೀಕ್ಷೆಯಲ್ಲಿ ರೋಗ ಕಂಡುಬರದಿದ್ದರೂ ಲಕ್ಷಣಗಳು ಮುಂದುವರಿದಲ್ಲಿ ವೈದ್ಯರನ್ನು ಪುನಃ ಕಾಣುವುದು ಸೂಕ್ತ. ಎರಡು ವಾರಗಳ ಕೆಮ್ಮಿನ ವಿಷಯವನ್ನು ತಿಳಿಸಿ ಕಫ ಪರೀಕ್ಷೆಗಾಗಿ ಕೇಳುವ ಹಕ್ಕು ಪ್ರತಿಯೊಬ್ಬ ನಾಗರಿಕನಿಗೂ ಇರುತ್ತದೆ.

6. ಚಿಕಿತ್ಸೆ ಎಷ್ಟು ಕಾಲ? ಆಸ್ಪತ್ರೆಯಲ್ಲಿ ದಾಖಲಾಗಬೇಕೇ?

ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ ನೀಡಲಾಗುತ್ತದೆ. ಮೊದಲ ಎರಡು ತಿಂಗಳು ನಾಲ್ಕು ಔಷಧಿಗಳನ್ನು, ನಂತರದ ನಾಲ್ಕು ತಿಂಗಳು ಮೂರು ಔಷಧಿಗಳನ್ನು ಒಂದೇ ಮಾತ್ರೆಯಲ್ಲಿ ಸಂಯೋಜಿಸಿ ಪ್ರತಿದಿನ ನೀಡಲಾಗುತ್ತದೆ. ಮಾತ್ರೆಗಳ ಸಂಖ್ಯೆಯು ರೋಗಿಯ ತೂಕವನ್ನು ಅವಲಂಬಿಸಿರುತ್ತದೆ. ಕೆಲವು ಅಂಗಗಳ ಕ್ಷಯಕ್ಕೆ ಇನ್ನೂ ಹೆಚ್ಚಿನ ಅವಧಿ ಬೇಕಾಗಬಹುದು.

ಹೆಚ್ಚಿನವರು ಆಸ್ಪತ್ರೆಯಲ್ಲಿ ದಾಖಲಾಗುವ ಅಗತ್ಯವಿರುವುದಿಲ್ಲ. ಮದ್ರಾಸಿನಲ್ಲಿ ನಡೆದು 1959ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮನೆಯಲ್ಲಿದ್ದುಕೊಂಡು ಔಷಧಿ ಸೇವಿಸಿದವರೂ ಆರೋಗ್ಯಧಾಮದಲ್ಲಿದ್ದವರಷ್ಟೇ ಚೆನ್ನಾಗಿ ಗುಣಮುಖರಾಗುವರು ಎಂಬುದನ್ನು ಸಾಬೀತುಪಡಿಸಿತು. ಮನೆಯಲ್ಲಿನ ಚಿಕಿತ್ಸೆಯಿಂದ ಕುಟುಂಬದವರಿಗೆ ಹೆಚ್ಚಿನ ಅಪಾಯವಾಗುವುದಿಲ್ಲ ಎಂಬುದೂ ಅಲ್ಲಿ ಕಂಡುಬಂದಿತು. ಪರಿಣಾಮಕಾರಿ ಚಿಕಿತ್ಸೆ ಆರಂಭವಾದ ಕೆಲವೇ ವಾರಗಳಲ್ಲಿ ರೋಗ ಹರಡುವ ಸಾಧ್ಯತೆಯು ಬಹಳ ಮಟ್ಟಿಗೆ ಕುಗ್ಗುತ್ತದೆ.

ಔಷಧಿ ಸೇವನೆಯಿಂದ ಮೂತ್ರವು ಕಿತ್ತಳೆ ಬಣ್ಣಕ್ಕೆ ತಿರುಗುವುದು ಸಹಜ. ಇದರಿಂದ ಭಯಪಡುವ ಕಾರಣವಿಲ್ಲ. ಆದರೆ ಕಣ್ಣು ಹಳದಿಯಾಗುವುದು, ಸತತ ವಾಂತಿ, ದೃಷ್ಟಿ ಮಂಜಾಗುವುದು, ಕೈಕಾಲು ಜೋಮು ಹಿಡಿಯುವುದು ಕಂಡುಬಂದಲ್ಲಿ ತಕ್ಷಣ ವೈದ್ಯರಿಗೆ ತಿಳಿಸತಕ್ಕದ್ದು. ಗರ್ಭನಿರೋಧಕ ಮಾತ್ರೆ ಸೇವಿಸುವ ಮಹಿಳೆಯರಲ್ಲಿ ರಿಫಾಂಪಿಸಿನ್ ಔಷಧಿಯು ಆ ಮಾತ್ರೆಯ ಪರಿಣಾಮವನ್ನು ಕುಂದಿಸುವುದರಿಂದ ಬೇರೆ ವಿಧಾನದ ಕುರಿತು ವೈದ್ಯರ ಸಲಹೆ ಪಡೆಯುವುದು ಅಗತ್ಯ.

7. ಗುಣವಾದಂತೆ ಕಂಡಾಗ ಔಷಧಿ ನಿಲ್ಲಿಸಬಹುದೇ?

ನಿಲ್ಲಿಸಬಾರದು. ಒಂದೆರಡು ತಿಂಗಳಲ್ಲಿ ಕೆಮ್ಮು, ಜ್ವರ ಕಡಿಮೆಯಾಗಿ ಹಸಿವು ಮರಳುತ್ತದೆ. ಕೆಲಸಕ್ಕೆ ಹೋಗುವ ಶಕ್ತಿಯೂ ಬರುತ್ತದೆ. ಹೆಚ್ಚಿನವರು ಔಷಧಿಯನ್ನು ಕೈಬಿಡುವುದು ಈ ಹಂತದಲ್ಲಿಯೇ. ಆದರೆ ಆಗಲೂ ದೇಹದಲ್ಲಿ ರೋಗಾಣುಗಳು ಉಳಿದಿರುತ್ತವೆ. ಅರ್ಧಕ್ಕೆ ನಿಂತ ಚಿಕಿತ್ಸೆಯಿಂದ ರೋಗವು ಮರುಕಳಿಸುವ ಹಾಗೂ ರೋಗಾಣುಗಳು ಔಷಧಿಗೆ ಬಗ್ಗದಂತಾಗುವ ಅಪಾಯವಿರುತ್ತದೆ.

ಔಷಧ ನಿರೋಧಕ ಕ್ಷಯದ ಚಿಕಿತ್ಸೆಯು ಹಿಂದೆ ಇಪ್ಪತ್ತು ತಿಂಗಳವರೆಗೂ ನಡೆಯುತ್ತಿತ್ತು. ಬೆಡಾಕ್ವಿಲಿನ್, ಪ್ರೆಟೋಮನಿಡ್, ಲಿನೆಜೋಲಿಡ್ ಮತ್ತು ಮಾಕ್ಸಿಫ್ಲಾಕ್ಸಸಿನ್ ಔಷಧಿಗಳನ್ನೊಳಗೊಂಡ ಆರು ತಿಂಗಳ ಚಿಕಿತ್ಸೆಗೆ ಕೇಂದ್ರ ಆರೋಗ್ಯ ಸಚಿವಾಲಯವು 2024ರ ಸೆಪ್ಟೆಂಬರ್‌ನಲ್ಲಿ ಅನುಮೋದನೆ ನೀಡಿದೆ. ಇದು ಅರ್ಹ ರೋಗಿಗಳ ಪಾಲಿಗೆ ದೊಡ್ಡ ಪರಿಹಾರ. ಆದರೂ ಸಾಮಾನ್ಯ ಕ್ಷಯವನ್ನು ಮೊದಲ ಬಾರಿಯೇ ಪೂರ್ಣವಾಗಿ ಗುಣಪಡಿಸುವುದಕ್ಕಿಂತ ಉತ್ತಮ ಮಾರ್ಗ ಬೇರೆ ಇಲ್ಲ.

ಚಿಕಿತ್ಸೆ ಮುರಿಯುವುದಕ್ಕೆ ಪ್ರತಿ ಬಾರಿಯೂ ರೋಗಿಯನ್ನೇ ಹೊಣೆ ಮಾಡುವುದು ನ್ಯಾಯವಲ್ಲ. 2024ರ ಆರಂಭದಲ್ಲಿ ಕೆಲವೆಡೆ ಔಷಧಿಗಳ ಪೂರೈಕೆಯಲ್ಲಿ ವ್ಯತ್ಯಯ ಉಂಟಾಗಿ, ಸ್ಥಳೀಯವಾಗಿ ಖರೀದಿಸುವಂತೆ ಕೇಂದ್ರವು ರಾಜ್ಯಗಳಿಗೆ ಸೂಚಿಸಬೇಕಾಯಿತು. ಕೂಲಿ ಅರಸಿ ಬೇರೆ ಊರಿಗೆ ವಲಸೆ ಹೋಗುವುದು ಮತ್ತೊಂದು ಕಾರಣ. ನಿಕ್ಷಯ್ ಗಣಕ ವ್ಯವಸ್ಥೆಯಲ್ಲಿ ರೋಗಿಗೆ ನೀಡುವ ಗುರುತಿನ ಸಂಖ್ಯೆಯ ಆಧಾರದ ಮೇಲೆ ಚಿಕಿತ್ಸೆಯನ್ನು ದೇಶದ ಯಾವುದೇ ಊರಿನ ಸರ್ಕಾರಿ ಕೇಂದ್ರಕ್ಕೆ ವರ್ಗಾಯಿಸಿಕೊಳ್ಳಬಹುದು. ಊರು ಬಿಡುವ ಮುನ್ನ ಆರೋಗ್ಯ ಸಿಬ್ಬಂದಿಗೆ ತಿಳಿಸಿದಲ್ಲಿ ಒಂದು ದಿನದ ಔಷಧಿಯೂ ತಪ್ಪುವುದಿಲ್ಲ.

8. ಚಿಕಿತ್ಸೆ ಉಚಿತವಾಗಿರುವಾಗ ಕುಟುಂಬಗಳು ಸಾಲಕ್ಕೆ ಸಿಲುಕುವುದೇಕೆ?

ಔಷಧಿಯ ಬೆಲೆಯು ರೋಗದ ಒಟ್ಟು ವೆಚ್ಚದ ಒಂದು ಭಾಗ ಮಾತ್ರ. ರೋಗ ಪತ್ತೆಯಾಗುವ ಮೊದಲು ಹಲವು ಖಾಸಗಿ ವೈದ್ಯರಿಗೆ, ಪರೀಕ್ಷೆಗಳಿಗೆ ಮತ್ತು ಬಸ್ ಪ್ರಯಾಣಕ್ಕೆ ಹಣ ಖರ್ಚಾಗಿರುತ್ತದೆ. ದುಡಿಯುವ ವ್ಯಕ್ತಿಯೇ ಮಲಗಿದಾಗ ವಾರಗಟ್ಟಲೆ, ತಿಂಗಳುಗಟ್ಟಲೆ ಕೂಲಿ ನಿಲ್ಲುತ್ತದೆ. ಆರೈಕೆಗಾಗಿ ಮನೆಯ ಇನ್ನೊಬ್ಬರೂ ಕೆಲಸ ಬಿಡಬೇಕಾಗುತ್ತದೆ. ಒಡವೆ ಅಡವಿಡುವುದು, ಮಕ್ಕಳನ್ನು ಶಾಲೆ ಬಿಡಿಸುವುದು ಇದರ ಮುಂದಿನ ಹಂತಗಳು. ಕುಟುಂಬದ ವಾರ್ಷಿಕ ಆದಾಯದ ಶೇಕಡಾ 20ನ್ನು ಮೀರಿದ ಇಂತಹ ಹೊರೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು ವಿನಾಶಕಾರಿ ವೆಚ್ಚವೆಂದು ಪರಿಗಣಿಸುತ್ತದೆ. ಯಾವ ಕುಟುಂಬವೂ ಇದಕ್ಕೆ ಸಿಲುಕಬಾರದು ಎಂಬುದು ಜಾಗತಿಕ ಗುರಿಗಳಲ್ಲಿ ಒಂದಾಗಿರುತ್ತದೆ.

ಈ ಹೊರೆಯ ಗಣನೀಯ ಭಾಗವು ರೋಗ ಪತ್ತೆಯಾಗುವ ಮೊದಲೇ ಬೀಳುತ್ತದೆ ಎಂಬುದನ್ನು ಗಮನಿಸಬೇಕು. ಸರ್ಕಾರದ ಎಲ್ಲ ನೆರವುಗಳು ರೋಗಿಯ ನೋಂದಣಿಯ ನಂತರ ಆರಂಭವಾಗುತ್ತವೆ. ಆದ್ದರಿಂದ ಬೇಗ ಪರೀಕ್ಷೆ ಮಾಡಿಸುವುದು ಆರೋಗ್ಯದ ದೃಷ್ಟಿಯಿಂದ ಎಷ್ಟು ಮುಖ್ಯವೋ ಮನೆಯ ಹಣಕಾಸಿನ ದೃಷ್ಟಿಯಿಂದಲೂ ಅಷ್ಟೇ ಮುಖ್ಯವಾಗಿರುತ್ತದೆ.

9. ಆಹಾರಕ್ಕೂ ಕ್ಷಯಕ್ಕೂ ಇರುವ ಸಂಬಂಧವೇನು?

ಕ್ಷಯವು ದೇಹವನ್ನು ಕ್ಷೀಣಗೊಳಿಸುತ್ತದೆ. ಕ್ಷೀಣಿಸಿದ ದೇಹಕ್ಕೆ ಕ್ಷಯವು ಸುಲಭವಾಗಿ ತಗಲುತ್ತದೆ. ಈ ಸಂಬಂಧವನ್ನು ಅಳೆಯಲು ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ತಂಡವು ಜಾರ್ಖಂಡ್ ರಾಜ್ಯದ ನಾಲ್ಕು ಜಿಲ್ಲೆಗಳಲ್ಲಿ 2019ರಿಂದ ದೊಡ್ಡ ಪ್ರಮಾಣದ ಅಧ್ಯಯನವನ್ನು ಕೈಗೊಂಡಿತು. 2,800 ರೋಗಿಗಳಿಗೆ ತಿಂಗಳ ಆಹಾರ ಧಾನ್ಯದ ಕಿಟ್ ನೀಡಲಾಯಿತು. ಅವರಲ್ಲಿ ಒಂದು ಗುಂಪಿನ ಮನೆಯ ಸದಸ್ಯರಿಗೂ ತಲಾ 5 ಕೆ.ಜಿ. ಅಕ್ಕಿ ಮತ್ತು ಒಂದೂವರೆ ಕೆ.ಜಿ. ಬೇಳೆಯನ್ನು ಪ್ರತಿ ತಿಂಗಳು ನೀಡಲಾಯಿತು.

2023ರಲ್ಲಿ ಪ್ರಕಟವಾದ ಫಲಿತಾಂಶಗಳ ಪ್ರಕಾರ, ಆಹಾರ ಧಾನ್ಯ ಪಡೆದ ಮನೆಗಳ ಸದಸ್ಯರಲ್ಲಿ ಹೊಸದಾಗಿ ಕ್ಷಯ ಬರುವುದು ಶೇಕಡಾ 39ರಷ್ಟು ಕಡಿಮೆಯಾಗಿತ್ತು. ಹರಡುವಂತಹ ಶ್ವಾಸಕೋಶದ ಕ್ಷಯವು ಶೇಕಡಾ 48ರಷ್ಟು ಇಳಿದಿತ್ತು. ಚಿಕಿತ್ಸೆಯ ಮೊದಲ ಎರಡು ತಿಂಗಳಲ್ಲಿ ಶೇಕಡಾ 5ರಷ್ಟು ತೂಕ ಹೆಚ್ಚಿಸಿಕೊಂಡ ರೋಗಿಗಳಲ್ಲಿ ಸಾವಿನ ಅಪಾಯವು ಶೇಕಡಾ 61ರಷ್ಟು ಕಡಿಮೆ ಇದ್ದಿತು. ಅಕ್ಕಿ ಬೇಳೆಯೂ ಔಷಧಿಯಂತೆಯೇ ಜೀವ ಉಳಿಸಬಲ್ಲವು ಎಂಬುದಕ್ಕೆ ಇದು ಪ್ರಬಲ ಸಾಕ್ಷ್ಯ. ರೋಗಿಗಳಿಗೆ ದುಬಾರಿ ಪೌಷ್ಟಿಕ ಪುಡಿಗಳ ಅಗತ್ಯವಿಲ್ಲ. ರಾಗಿ, ಅಕ್ಕಿ, ಬೇಳೆಕಾಳು, ಶೇಂಗಾ, ಮೊಟ್ಟೆ, ಹಾಲು ಮತ್ತು ಸೊಪ್ಪು ತರಕಾರಿಗಳನ್ನು ಸಾಕಷ್ಟು ಪ್ರಮಾಣದಲ್ಲಿ ಸೇವಿಸಿದರೆ ಸಾಕು.

10. ಸರ್ಕಾರದಿಂದ ಯಾವ ನೆರವು ದೊರೆಯುತ್ತದೆ? ಅದನ್ನು ಪಡೆಯುವುದು ಹೇಗೆ?

(ಅ) ನಿಕ್ಷಯ್ ಪೋಷಣ್ ಯೋಜನೆ: 2018ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಈ ಯೋಜನೆಯಡಿ ಚಿಕಿತ್ಸೆಯ ಅವಧಿಯಲ್ಲಿ ಮಾಸಿಕ 500 ರೂಪಾಯಿ ನೀಡಲಾಗುತ್ತಿತ್ತು. 2024ರ ನವೆಂಬರ್ 1ರಿಂದ ಈ ಮೊತ್ತವನ್ನು ಮಾಸಿಕ 1,000 ರೂಪಾಯಿಗೆ ಹೆಚ್ಚಿಸಲಾಗಿದೆ. ನಿಕ್ಷಯ್ ವ್ಯವಸ್ಥೆಯಲ್ಲಿ ನೋಂದಣಿಯಾದ ಎಲ್ಲ ರೋಗಿಗಳೂ ಇದಕ್ಕೆ ಅರ್ಹರು. ಆದಾಯದ ಮಿತಿ ಇರುವುದಿಲ್ಲ. ಖಾಸಗಿ ವೈದ್ಯರಲ್ಲಿ ಚಿಕಿತ್ಸೆ ಪಡೆಯುತ್ತಿರುವವರೂ ನೋಂದಣಿಯಾಗಿದ್ದಲ್ಲಿ ಅರ್ಹರಾಗಿರುತ್ತಾರೆ. ಹಣವು ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ.

(ಆ) ನಿಕ್ಷಯ್ ಮಿತ್ರ: 2022ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಅಭಿಯಾನದಡಿ ದಾನಿಗಳು, ಸಂಘ ಸಂಸ್ಥೆಗಳು ಒಪ್ಪಿಗೆ ನೀಡಿದ ರೋಗಿಗಳಿಗೆ ಆಹಾರ ಕಿಟ್‌ಗಳನ್ನು ಒದಗಿಸುತ್ತಾರೆ.

(ಇ) ಕಾರ್ಮಿಕರ ರಾಜ್ಯ ವಿಮೆ: ಈ ವಿಮೆಯ ವ್ಯಾಪ್ತಿಯಲ್ಲಿರುವ ನೌಕರರಿಗೆ ಕ್ಷಯರೋಗವೂ ಸೇರಿದಂತೆ ದೀರ್ಘಕಾಲೀನ ರೋಗಗಳಿಗೆ ವಿಸ್ತೃತ ಕಾಯಿಲೆ ಸೌಲಭ್ಯ ಇರುತ್ತದೆ. ಸೇವಾವಧಿ ಹಾಗೂ ವಂತಿಗೆಯ ಷರತ್ತುಗಳಿಗೊಳಪಟ್ಟು ವೇತನದ ಶೇಕಡಾ 80ರಷ್ಟನ್ನು ಗರಿಷ್ಠ ಎರಡು ವರ್ಷಗಳವರೆಗೆ ಪಡೆಯಬಹುದು. ಈ ಸೌಲಭ್ಯದ ಅರಿವಿಲ್ಲದೆ ಕೆಲಸ ಬಿಡುವ ಕಾರ್ಮಿಕರು ತಮಗೆ ಸಲ್ಲಬೇಕಾದುದನ್ನು ಕಳೆದುಕೊಳ್ಳುತ್ತಾರೆ.

ಪೋಷಣ ಹಣವು ತಡವಾಗುವ ಪ್ರಕರಣಗಳು ಕಂಡುಬರುತ್ತವೆ. ಬ್ಯಾಂಕ್ ಖಾತೆ ನಿಷ್ಕ್ರಿಯವಾಗಿರುವುದು, ಹೆಸರಿನ ವ್ಯತ್ಯಾಸ, ಆಧಾರ್ ಜೋಡಣೆಯಾಗದಿರುವುದು ಇಂತಹ ವಿಳಂಬಕ್ಕೆ ಕಾರಣವಾಗುತ್ತವೆ. ಆದ್ದರಿಂದ ಚಿಕಿತ್ಸೆ ಆರಂಭವಾದ ದಿನವೇ ಗುರುತಿನ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಖಾತೆಯ ವಿವರಗಳು ಸರಿಯಾಗಿ ದಾಖಲಾಗಿರುವುದನ್ನು ಖಚಿತಪಡಿಸಿಕೊಳ್ಳುವುದು ಒಳಿತು. ಹಣ ಜಮೆಯಾಗದಿದ್ದಲ್ಲಿ ತಾಲ್ಲೂಕಿನ ಕ್ಷಯರೋಗ ಘಟಕದ ಸಿಬ್ಬಂದಿಯನ್ನು ವಿಚಾರಿಸಬಹುದು. ಯಾವುದೇ ದಾಖಲೆಯ ಕೊರತೆಯಿಂದ ಔಷಧಿ ಸೇವನೆಯನ್ನು ಮುಂದೂಡಬಾರದು.

11. ಮನೆಯ ಇತರ ಸದಸ್ಯರು ಏನು ಮಾಡಬೇಕು?

ರೋಗಿಯ ಜೊತೆಯಲ್ಲಿ ವಾಸಿಸುವ ಎಲ್ಲರೂ ಪರೀಕ್ಷೆಗೊಳಗಾಗಬೇಕು. ರೋಗವಿಲ್ಲವೆಂದು ಖಚಿತವಾದ ನಂತರ ವೈದ್ಯರ ಸಲಹೆಯಂತೆ ಕ್ಷಯ ತಡೆ ಚಿಕಿತ್ಸೆಯನ್ನು ಪಡೆಯಬಹುದು. ಐದು ವರ್ಷದೊಳಗಿನ ಮಕ್ಕಳಿಗೆ ಹಾಗೂ ಎಚ್.ಐ.ವಿ. ಸೋಂಕಿತರಿಗೆ ಇದು ಅತಿ ಮುಖ್ಯ. ಹುಟ್ಟಿದ ಕೂಡಲೇ ನೀಡುವ ಬಿ.ಸಿ.ಜಿ. ಲಸಿಕೆಯು ಮಕ್ಕಳನ್ನು ಮೆದುಳಿನ ಪೊರೆಯ ಕ್ಷಯದಂತಹ ತೀವ್ರ ಸ್ವರೂಪಗಳಿಂದ ರಕ್ಷಿಸುತ್ತದೆ. ಆದರೆ ವಯಸ್ಕರ ಶ್ವಾಸಕೋಶದ ಕ್ಷಯವನ್ನು ಅದು ಸಾಕಷ್ಟು ತಡೆಯುವುದಿಲ್ಲ. ಕಿಟಕಿ ಬಾಗಿಲುಗಳನ್ನು ತೆರೆದಿಟ್ಟು ಗಾಳಿ ಬೆಳಕು ಬರುವಂತೆ ನೋಡಿಕೊಳ್ಳುವುದು ಮತ್ತು ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯುವುದು ಎಲ್ಲ ಮನೆಗಳಲ್ಲಿಯೂ ಸಾಧ್ಯವಿರುವ ಕ್ರಮಗಳು. ಕ್ಷಯವಿರುವ ತಾಯಿಯು ಚಿಕಿತ್ಸೆ ಪಡೆಯುತ್ತ ಮಗುವಿಗೆ ಎದೆಹಾಲು ನೀಡುವುದನ್ನು ಮುಂದುವರಿಸಬಹುದು.

12. ರೋಗದ ವಿಷಯವನ್ನು ಮುಚ್ಚಿಡಬೇಕೇ? ಮದುವೆ, ಉದ್ಯೋಗಗಳಿಗೆ ತೊಂದರೆಯಾಗುವುದೇ?

ಸಾರ್ವಜನಿಕರು ಬಹಿರಂಗವಾಗಿ ಕೇಳದೆ ಮನಸ್ಸಿನಲ್ಲಿಯೇ ಇಟ್ಟುಕೊಳ್ಳುವ ಪ್ರಶ್ನೆ ಇದು. ರೋಗ ಪತ್ತೆಯಾದ ಹೆಣ್ಣುಮಗಳಿಗೆ ಗಂಡು ಸಿಗುವುದಿಲ್ಲವೆಂಬ ಅಂಜಿಕೆಯಿಂದ ದೂರದ ಊರಿನಲ್ಲಿ ಚಿಕಿತ್ಸೆ ಕೊಡಿಸುವ ಪೋಷಕರಿದ್ದಾರೆ. ಸೊಸೆಯನ್ನು ತವರಿಗೆ ಕಳುಹಿಸಿ ಕೈತೊಳೆದುಕೊಳ್ಳುವ ಮನೆಗಳಿವೆ. ಬಾಡಿಗೆ ಮನೆ ತಪ್ಪೀತು, ಕೆಲಸ ಹೋದೀತು ಎಂದು ಹೆದರಿ ಮಾತ್ರೆಗಳನ್ನು ಬಚ್ಚಿಟ್ಟು ಸೇವಿಸುವವರೂ ಇದ್ದಾರೆ. ಗರ್ಭಕೋಶದ ಕ್ಷಯದಿಂದ ಬಂಜೆತನ ಉಂಟಾದಾಗ ಮೂಲ ಕಾರಣ ತಿಳಿಯದೆ ಮಹಿಳೆಯು ಮಾತ್ರ ದೂಷಣೆಗೆ ಗುರಿಯಾಗುವುದೂ ಉಂಟು. ಈ ಭಯವೇ ಜನರನ್ನು ಪರೀಕ್ಷೆಯಿಂದ ದೂರವಿಡುವ ಕಾರಣಗಳಲ್ಲಿ ಒಂದಾಗಿರುತ್ತದೆ.

ಚಿಕಿತ್ಸೆ ಪೂರ್ಣಗೊಳಿಸಿ ಗುಣಮುಖರಾದವರು ಮದುವೆಯಾಗಬಹುದು, ಮಕ್ಕಳನ್ನು ಪಡೆಯಬಹುದು, ತಮ್ಮ ದೇಹಶಕ್ತಿಗೆ ತಕ್ಕಂತೆ ಎಲ್ಲ ಕೆಲಸಗಳನ್ನೂ ಮಾಡಬಹುದು. ರೋಗಿಯ ತಟ್ಟೆ ಲೋಟಗಳನ್ನು ಬೇರ್ಪಡಿಸುವುದರಿಂದ ರೋಗವು ತಡೆಯಲ್ಪಡುವುದಿಲ್ಲ. ರೋಗಿಯ ಮನಸ್ಸು ಮಾತ್ರ ಕುಗ್ಗುತ್ತದೆ. 2012ರಿಂದ ಖಾಸಗಿ ವೈದ್ಯರೂ ಪ್ರತಿ ಪ್ರಕರಣವನ್ನು ಸರ್ಕಾರಕ್ಕೆ ವರದಿ ಮಾಡುವುದು ಕಡ್ಡಾಯವಾಗಿದೆ. ಈ ವರದಿಯ ಉದ್ದೇಶ ಚಿಕಿತ್ಸೆ ಮತ್ತು ನೆರವನ್ನು ತಲುಪಿಸುವುದಾಗಿದ್ದು, ರೋಗಿಯ ವಿವರಗಳನ್ನು ಗೌಪ್ಯವಾಗಿಡುವುದು ಸಿಬ್ಬಂದಿಯ ಕರ್ತವ್ಯವಾಗಿರುತ್ತದೆ. ಗುಣಮುಖರಾದ ನಂತರವೂ ಕೆಲವರಿಗೆ ಉಸಿರಾಟದ ತೊಂದರೆ ಉಳಿಯಬಹುದಾದ್ದರಿಂದ ಎರಡು ವರ್ಷಗಳ ಕಾಲ ಆರು ತಿಂಗಳಿಗೊಮ್ಮೆ ತಪಾಸಣೆಗೆ ಬರುವುದು ಅಪೇಕ್ಷಣೀಯ.

ಉಪಸಂಹಾರ

ಒಂದು ಶತಮಾನದ ಹಿಂದೆ ಕ್ಷಯರೋಗಕ್ಕೆ ಔಷಧಿ ಇರಲಿಲ್ಲ. ಇಂದು ಔಷಧಿ, ತ್ವರಿತ ಪರೀಕ್ಷೆ ಮತ್ತು ಪೋಷಣ ನೆರವು ಮೂರೂ ಇವೆ. 2025ರ ಗುರಿಗೂ ವಾಸ್ತವಕ್ಕೂ ನಡುವೆ ಉಳಿದಿರುವ ಅಂತರವು ಹೆಚ್ಚಾಗಿ ಕೆಮ್ಮು ಆರಂಭವಾದ ದಿನಕ್ಕೂ ಕಫ ಪರೀಕ್ಷೆಯ ದಿನಕ್ಕೂ ನಡುವಿನ ವಿಳಂಬದಲ್ಲಿ, ಊಟದ ಕೊರತೆಯಲ್ಲಿ ಮತ್ತು ಸಮಾಜದ ಅಂಜಿಕೆಯಲ್ಲಿ ಅಡಗಿರುತ್ತದೆ. ತುಮಕೂರಿನ ಅಧ್ಯಯನವು ತಿಳಿಸಿದಂತೆ, ನೆರವು ಕೋರಿ ಬಂದವರನ್ನು ಬರಿಗೈಯಲ್ಲಿ ಕಳುಹಿಸದಿರುವುದು ಆರೋಗ್ಯ ವ್ಯವಸ್ಥೆಯ ಹೊಣೆ. ಎರಡು ವಾರದ ಕೆಮ್ಮನ್ನು ಕಡೆಗಣಿಸದೆ ಬರುವುದು ನಾಗರಿಕರ ಹೊಣೆ.

ಕಫ ಪರೀಕ್ಷೆ, ಚಿಕಿತ್ಸೆ ಹಾಗೂ ನೋಂದಣಿಗಾಗಿ ಸಾರ್ವಜನಿಕರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯನ್ನು, ಇಲ್ಲವೇ ತಮ್ಮ ಗ್ರಾಮದ ಆಶಾ ಕಾರ್ಯಕರ್ತೆಯನ್ನು ಸಂಪರ್ಕಿಸುವುದು. ನಿಕ್ಷಯ್ ಉಚಿತ ಸಹಾಯವಾಣಿ: 1800-11-6666.